ನೋಟಿಸಿನಲ್ಲಿ ‘ಒಕ್ಕಲೆಬ್ಬಿಸಲಾಗುವುದು’ ಅಂತಿದೆ, ಮನೆ ಸಾಮಾನು ಬೀದಿಗೆ ಹಾಕಿಬಿಡ್ತಾರಾ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಒಂಬತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಬಾಡಿಗೆ 9,500, ಅಡ್ವಾನ್ಸ್ 80,000 ರೂಪಾಯಿ. ಮೊದಲ ಮೂರು ವರ್ಷ 11 ತಿಂಗಳ ಅಗ್ರಿಮೆಂಟ್ ಬರೆದುಕೊಂಡಿದ್ದೆವು, ಆಮೇಲೆ ಬರೆಯಲಿಲ್ಲ. ಓನರ್ ಹೋದ ವರ್ಷ ತೀರಿಕೊಂಡರು. ಅವರ ಮಗ ಮನೆ ಮಾರಬೇಕು ಅಂತಿದ್ದಾರೆ. ಹೋದ ವಾರ ವಕೀಲರ ನೋಟಿಸ್ ಬಂತು. ‘15 ದಿನದೊಳಗೆ ಖಾಲಿ ಮಾಡದಿದ್ದಲ್ಲಿ ನಿಮ್ಮನ್ನು ಒಕ್ಕಲೆಬ್ಬಿಸಲಾಗುವುದು’ ಅಂತ ಇದೆ. ಮೂರು ದಿನದಿಂದ ನೀರಿನ ಸಂಪಿಗೆ ಬೀಗ ಹಾಕಿದ್ದಾರೆ, ಮೋಟಾರ್ ಹಾಕೋಕೆ ಬಿಡ್ತಿಲ್ಲ. ನಮ್ಮ ಮಾವನವರು ಮಂಡ್ಯ ಕಡೆಯ ಹಳ್ಳಿಯವರು. ಆ ಪದ ಓದಿದ್ದೇ ತಡ, ‘ಒಕ್ಕಲೆಬ್ಬಿಸೋದು ಅಂದ್ರೆ ಪಾತ್ರೆ ಪಗಡ ಹೊರಗೆ ಎಸೆಯೋದು, ಚಿಕ್ಕವನಿದ್ದಾಗ ನೋಡಿದ್ದೀನಿ’ ಅಂತ ಊಟ ಬಿಟ್ಟರು. ಮಾರನೇ ದಿನ ಅವರೇ, ‘ಗೇಣಿ ಮಾಡ್ತಿದ್ದ ಜಮೀನು ನಮಗೇ ಆಗಲಿಲ್ವಾ? ವಾಸಿಸುವವನೇ ಮನೆಯೊಡೆಯ ಅಂತ ಕಾನೂನು ಬಂದಿದೆ, ಮನೆಯೂ ನಮ್ಮದೇ ಆಗುತ್ತೆ’ ಅಂತಿದ್ದಾರೆ. ಈ ಪದಕ್ಕೆ ನಿಜವಾದ ಅರ್ಥ ಏನು? 15 ದಿನ ಆದಮೇಲೆ ಅವರು ನಮ್ಮನ್ನು ಹೊರಗೆ ಹಾಕಬಹುದಾ?

ಉತ್ತರ: ನಿಮ್ಮ ಮಾವನವರ ಭಯವೂ ನಿಜ ಆಗಲ್ಲ, ಆಸೆಯೂ ನಿಜ ಆಗಲ್ಲ. 15 ದಿನ ಮುಗಿದ ಮಾತ್ರಕ್ಕೆ ಯಾರೂ ನಿಮ್ಮ ಸಾಮಾನು ಹೊರಗೆ ಹಾಕುವ ಹಾಗಿಲ್ಲ. ಹಾಗಂತ ಆ ಮನೆ ನಿಮ್ಮದಾಗುವುದೂ ಇಲ್ಲ. ಆದರೆ ಅವರು ಎರಡನ್ನೂ ಕನಸು ಕಂಡು ಹೇಳಿದ್ದಲ್ಲ. ಎರಡಕ್ಕೂ ನಮ್ಮ ಭಾಗದ ಚರಿತ್ರೆಯಲ್ಲಿ ಬೇರು ಇದೆ. ಅದನ್ನು ಬಿಡಿಸಿ ಹೇಳಿದರೆ ಅವರಿಗೂ ಸಮಾಧಾನ ಆಗಬಹುದು.

ಮೊದಲು ಪದ. ಒಕ್ಕಲು ಅಂದರೆ ಒಂದು ಕಡೆ ನೆಲೆ ನಿಂತು ಬಾಳುವ ಸಂಸಾರ. ಅದರಿಂದಲೇ ಒಕ್ಕಲುತನ, ಒಕ್ಕಲಿಗ. ಜಮೀನ್ದಾರನ ಭೂಮಿಯನ್ನು ಗೇಣಿಗೋ ವಾರಕ್ಕೋ (ಬೆಳೆಯಲ್ಲಿ ಪಾಲಿಗೆ) ಮಾಡುತ್ತಿದ್ದವನೂ ಒಕ್ಕಲು. ದೇವರಿಗೆ ನಡೆದುಕೊಳ್ಳುವ ಮನೆತನವೂ ಒಕ್ಕಲೇ: ‘ನಾವು ಮಾದಪ್ಪನ ಒಕ್ಕಲು’ ಅಂತ ನಮ್ಮ ಕಡೆ ಈಗಲೂ ಹೇಳುತ್ತಾರಲ್ಲ, ಅದೇ. ಹೀಗೆ ಬೇರು ಬಿಟ್ಟು ಕೂತ ಸಂಸಾರವನ್ನು ಅದರ ಮನಸ್ಸಿಲ್ಲದೆ ಎಬ್ಬಿಸಿ ಕಳಿಸಿದರೆ ಒಕ್ಕಲೆಬ್ಬಿಸುವುದು. ತಾವಾಗಿ ಊರು ಬಿಟ್ಟರೆ ‘ಒಕ್ಕಲೆದ್ದು ಹೋದರು’ ಅನ್ನುತ್ತೇವೆ. ಎರಡು ದಿನಕ್ಕೆ ಬಂದ ನೆಂಟನನ್ನು ಯಾರೂ ಒಕ್ಕಲೆಬ್ಬಿಸುವುದಿಲ್ಲ, ಸುಮ್ನೆ ಕಳಿಸುತ್ತಾರೆ ಅಷ್ಟೇ.

ಪೇಟೆ ಬಾಡಿಗೆ ಮನೆಗೆ ನಾವು ದಿನಾ ಆಡುವ ಮಾತು ಬೇರೆ. ಬಾಡಿಗೆದಾರ ‘ಖಾಲಿ ಮಾಡುತ್ತಾನೆ’, ಓನರ್ ‘ಖಾಲಿ ಮಾಡಿಸುತ್ತಾನೆ’. ಫುಟ್‌ಪಾತ್ ಅಂಗಡಿ, ಕೆರೆ ಒತ್ತುವರಿಯ ವಿಷಯ ಬಂದರೆ ‘ತೆರವು’. ಪತ್ರಿಕೆಗಳು ಒಕ್ಕಲೆಬ್ಬಿಸುವುದು ಅಂತ ಬರೆಯುವುದು ಹೆಚ್ಚಾಗಿ ಜಾಸ್ತಿ ಜನ, ಜಾಸ್ತಿ ಕಾಲ ಇದ್ದ ಕಡೆಯಿಂದ ಹೊರಬಿದ್ದಾಗ. ಕೊಳೆಗೇರಿ, ಅಣೆಕಟ್ಟಿನ ಮುಳುಗಡೆ ಊರು, ಕಾಡಿನ ಹಾಡಿ. ಎಚ್.ಡಿ. ಕೋಟೆ, ಹುಣಸೂರು ಕಡೆಯ ಜೇನುಕುರುಬರ ಹಾಡಿಗಳ ವಿಷಯದಲ್ಲಿ ಈ ಪದ ಸರಿಯಾಗಿ ಕೂರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯೂ ಹಕ್ಕಿನ ಅರ್ಜಿ ಇತ್ಯರ್ಥ ಆಗುವ ತನಕ ಕಾಡಿನ ನಿವಾಸಿಗಳನ್ನು ಒಕ್ಕಲೆಬ್ಬಿಸಬಾರದು ಅನ್ನುತ್ತದೆ.

ಹಾಗಾದರೆ ನಿಮ್ಮ ನೋಟಿಸಿನಲ್ಲಿ ಆ ಪದ ಯಾಕೆ ಬಂತು? ವಕೀಲರ ನೋಟಿಸ್ ಬಹುಪಾಲು ಇಂಗ್ಲಿಷ್ ನಮೂನೆಯ ಮೇಲೆ ನಡೆಯುತ್ತದೆ. ಅಲ್ಲಿನ ‘ಎವಿಕ್ಷನ್’ ಅನ್ನುವುದನ್ನು ಕನ್ನಡಕ್ಕೆ ತರುವಾಗ ಈ ಪದ ಹಾಕುತ್ತಾರೆ. ಪದ ತಪ್ಪಲ್ಲ. ಆದರೆ ಅದರ ಸದ್ದು ದೊಡ್ಡದು, ನಿಮ್ಮ ಮನೆಯಲ್ಲಿ ಆದ ಹಾಗೆ. ವಕೀಲರು ಬರೆಯಬೇಕಾಗಿದ್ದು ‘ನಿಮ್ಮ ಮೇಲೆ ಸ್ವಾಧೀನದ ದಾವೆ ಹೂಡಲಾಗುವುದು’ ಅಂತ, ಅಂದರೆ ಮನೆಯನ್ನು ವಶಕ್ಕೆ ಕೊಡಿಸಿ ಅಂತ ಕೋರ್ಟಿನಲ್ಲಿ ಕೇಸು. ನೋಟಿಸಿನ ಕೊನೆಯ ಪ್ಯಾರಾ ಒಂದು ಸಲ ನೋಡಿ. ‘ಸಕ್ಷಮ ನ್ಯಾಯಾಲಯದಲ್ಲಿ ಕಾನೂನು ಕ್ರಮ’ ಅನ್ನುವ ಸಾಲು ಅಲ್ಲಿ ಸಾಮಾನ್ಯವಾಗಿ ಇರುತ್ತದೆ. ಎಷ್ಟೇ ಗಟ್ಟಿ ಮಾತಿನ ನೋಟಿಸ್ ಆದರೂ ಕೊನೆಗೆ ಕೋರ್ಟಿನ ಬಾಗಿಲಿಗೇ ಬಂದು ನಿಲ್ಲಬೇಕು.

ಈಗ ಮಾವನವರ ನೆನಪಿಗೆ ಬರೋಣ. ಅವರು ಚಿಕ್ಕವರಿದ್ದಾಗ ಹಳೇ ಮೈಸೂರು ಸೀಮೆಯಲ್ಲಿ ಗೇಣಿದಾರನ ಬಾಳು ಭೂಮಾಲೀಕನ ಬಾಯಿಮಾತಿನ ಮೇಲಿತ್ತು. ಕಾಗದ ಇಲ್ಲ, ರಸೀದಿ ಇಲ್ಲ. ಈ ವರ್ಷ ನೀನು ಮಾಡಬೇಡ ಅಂದರೆ ಮುಗಿಯಿತು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ಮೇಲೆ ಶುರುವಾದ ಜಗಳ ದೊಡ್ಡ ಸತ್ಯಾಗ್ರಹ ಆಯಿತು. ಆಮೇಲೆ 1961ರ ಭೂಸುಧಾರಣಾ ಕಾಯ್ದೆ ಬಂತು. ಅದಕ್ಕೆ ಹಲ್ಲು ಬಂದದ್ದು ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ಆದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ಸಾಬೀತು ಮಾಡಿದರೆ ಅವರ ಹೆಸರಿಗೇ ಆಯಿತು. ಆ ಅರ್ಜಿಗೆ ಕೊನೆಯ ದಿನ 1979ರ ಜೂನ್ 30. ನಿಮ್ಮ ಮನೆತನಕ್ಕೆ ಜಮೀನು ಸಿಕ್ಕಿದ್ದು ಈ ದಾರಿಯಲ್ಲೇ ಇರಬೇಕು.

ಆದರೆ ಆ ಕಾಯ್ದೆ ಸಾಗುವಳಿ ಭೂಮಿಯದು. ಉಳುವವನಿಗೆ ಹೊಲ ಕೊಟ್ಟಿತು, ಕುವೆಂಪುನಗರದ ಬಾಡಿಗೆ ಮನೆಗೂ ಅದಕ್ಕೂ ಸಂಬಂಧ ಇಲ್ಲ. ‘ವಾಸಿಸುವವನೇ ಮನೆಯೊಡೆಯ’ ಅನ್ನುವ ಘೋಷಣೆಯೂ ಸುಳ್ಳಲ್ಲ. ಅದೇ ಭೂಸುಧಾರಣಾ ಕಾಯ್ದೆಗೆ ಆಮೇಲೆ ಆದ ತಿದ್ದುಪಡಿಯ ಜೊತೆ ಬಂದ ಮಾತು ಅದು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ ಇಂಥ ದಾಖಲೆಯಿಲ್ಲದ ವಸತಿಗಳಲ್ಲಿ ಬೇರೆಯವರ ಜಮೀನಿನ ಮೇಲೆ ಮನೆ ಕಟ್ಟಿಕೊಂಡು ತಲೆಮಾರುಗಳಿಂದ ಇದ್ದವರಿಗೆ ಹಕ್ಕುಪತ್ರ ಕೊಡಲು ಮಾಡಿದ್ದು. ತಿಂಗಳಿಗೆ 9,500 ಬಾಡಿಗೆ ಕಟ್ಟುವವರಿಗೆ ಅಲ್ಲ. ‘12 ವರ್ಷ ಇದ್ದರೆ ಮನೆ ನಮ್ಮದು’ ಅನ್ನುವ ಮಾತೂ ನನ್ನ ಆಫೀಸಿಗೆ ಆಗಾಗ ಬರುತ್ತದೆ. ಅದಕ್ಕೂ ಇದೇ ಉತ್ತರ. ಬಾಡಿಗೆ ಕೊಡುತ್ತಾ ಬಂದವನು ‘ಇದು ನಿಮ್ಮದೇ ಮನೆ’ ಅಂತ ಪ್ರತಿ ತಿಂಗಳೂ ಒಪ್ಪಿದ ಹಾಗೆ. ಆಮೇಲೆ ಉಲ್ಟಾ ಹೊಡೆಯಲು ಕಾನೂನು ಬಿಡುವುದಿಲ್ಲ. ಮಾವನವರಿಗೆ ಇದನ್ನು ಮೆತ್ತಗೆ ಹೇಳಿ. ಇಂಥ ಮಾತು ನೋಟಿಸಿನ ಉತ್ತರದಲ್ಲಿ ಬಂದರೆ ನಿಮ್ಮ ಕೇಸಿಗೇ ಕೆಟ್ಟದು. ಓನರ್‌ಶಿಪ್ಪನ್ನೇ ಅಲ್ಲಗಳೆದ ಬಾಡಿಗೆದಾರನನ್ನು ಕೋರ್ಟು ಕನಿಕರದಿಂದ ನೋಡುವುದಿಲ್ಲ.

ಇನ್ನು ನಿಮ್ಮ ಮನೆಯ ವಿಷಯಕ್ಕೆ ಯಾವ ಕಾನೂನು? ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ. ಅದರಲ್ಲಿ ಬಾಡಿಗೆದಾರನಿಗೆ ಒಳ್ಳೆಯ ರಕ್ಷಣೆ ಇದೆ. ಓನರ್ ಯಾಕೆ ಬಿಡಿಸುತ್ತಿದ್ದೇನೆ ಅಂತ ಕಾರಣ ತೋರಿಸಬೇಕು, ಆ ಕಾರಣಗಳೂ ಕಾಯ್ದೆಯಲ್ಲೇ ಇವೆ. ಆದರೆ ಅದು ಅನ್ವಯ ಆಗುವುದು ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರದಿದ್ದರೆ ಮಾತ್ರ. ಅಂಗಡಿಯಾದರೆ 14 ಚದರ ಮೀಟರಿಗಿಂತ ಜಾಸ್ತಿ ಇರಬಾರದು. ಇವತ್ತು ಮೈಸೂರಿನಲ್ಲಿ ಆ ಬಾಡಿಗೆಗೆ ಸಂಸಾರಸ್ಥರಿಗೆ ಮನೆ ಸಿಗುವುದು ಎಲ್ಲಿ? ಹಾಗಾಗಿ ಹೆಚ್ಚಿನ ಬಾಡಿಗೆದಾರರ ಹಾಗೆ ನೀವೂ ಆ ಕಾಯ್ದೆಯಿಂದ ಆಚೆ. ನಿಮಗೆ ಅನ್ವಯ ಆಗುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ ಪ್ರಕಾರ ಓನರ್ ಕಾರಣ ಹೇಳಬೇಕಾಗಿಲ್ಲ. ಮಾರುತ್ತೇನೆ, ಮಗಳಿಗೆ ಕೊಡುತ್ತೇನೆ, ಸುಮ್ನೆ ಖಾಲಿ ಇಟ್ಟುಕೊಳ್ಳುತ್ತೇನೆ, ಯಾವುದಾದರೂ ಆಗಬಹುದು. ‘ನಮಗೆ ಬೇರೆ ಮನೆ ಸಿಗ್ತಿಲ್ಲ, ಮಕ್ಕಳ ಪರೀಕ್ಷೆ ಇದೆ’ ಅನ್ನುವುದರಿಂದ ಸ್ವಲ್ಪ ಟೈಮ್ ಸಿಗಬಹುದು, ಕೇಸು ಗೆಲ್ಲಲು ಆಗುವುದಿಲ್ಲ. ಇದು ಕಹಿ, ಆದರೆ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಅಗ್ರಿಮೆಂಟ್ ಮುಗಿದ ಮೇಲೂ ನೀವು ಬಾಡಿಗೆ ಕೊಟ್ಟಿರಿ, ಅವರು ತಗೊಂಡರು. ಹಾಗಾಗಿ ನಿಮ್ಮದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಇದನ್ನು ಕೊನೆಗೊಳಿಸಲು ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ಬರವಣಿಗೆಯ ನೋಟಿಸ್ ಸಾಕು. ದಿನ ಎಣಿಸುವುದು ನೋಟಿಸ್ ನಿಮ್ಮ ಕೈಸೇರಿದ ದಿನದಿಂದ, ಅದರ ಮೇಲೆ ಬರೆದ ತಾರೀಖಿನಿಂದ ಅಲ್ಲ. ಹಾಗಾಗಿ ಅಂಚೆ ಲಕೋಟೆ ಎಸೆಯಬೇಡಿ, ಮುದ್ರೆಯ ತಾರೀಖು ಬೇಕಾಗುತ್ತದೆ. ಎರಡು ದಿನ ಕಡಿಮೆ ಕೊಟ್ಟಿದ್ದಾರೆ ಅಂತ ಕೇಸು ಬಿದ್ದುಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. 2003ರ ತಿದ್ದುಪಡಿ ಆದಮೇಲೆ ಅಂಥ ಸಣ್ಣ ದೋಷಕ್ಕೆ ಬೆಲೆ ಕಡಿಮೆ, ದಾವೆ ಹಾಕುವ ಹೊತ್ತಿಗೆ 15 ದಿನ ಕಳೆದಿದ್ದರೆ ಸಾಕು. ಹಳೆಯ ಅಗ್ರಿಮೆಂಟಿನಲ್ಲಿ ಎರಡು ತಿಂಗಳ ನೋಟಿಸ್ ಕೊಡಬೇಕು ಅಂತ ಷರತ್ತಿದ್ದರೆ ಮಾತ್ರ ನಿಮ್ಮ ವಕೀಲರಿಗೆ ತೋರಿಸಿ, ಅದರ ಮೇಲೆ ವಾದ ಮಾಡಲು ಜಾಗ ಇದೆ.

ಇಲ್ಲಿ ಎಲ್ಲರೂ ಎಡವುವ ಒಂದು ವಿಷಯ ಇದೆ. 15 ದಿನಕ್ಕೆ ಮುಗಿಯುವುದು ಬಾಡಿಗೆಯ ಸಂಬಂಧ. ಸ್ವಾಧೀನ ಮುಗಿಯುವುದಿಲ್ಲ. ಮನೆ ನಿಮ್ಮ ವಶದಲ್ಲೇ ಇರುತ್ತದೆ, ಅದನ್ನು ಬಿಡಿಸಿಕೊಳ್ಳಲು ಅವರು ಸಿವಿಲ್ ದಾವೆ ಹಾಕಬೇಕು. ಸಮನ್ಸ್ ಬರುತ್ತದೆ, ನೀವು ಉತ್ತರ ಕೊಡುತ್ತೀರಿ, ಸಾಕ್ಷಿ ನಡೆಯುತ್ತದೆ, ತೀರ್ಪು ಬರುತ್ತದೆ. ತೀರ್ಪು ಅವರ ಕಡೆ ಆದರೂ ಕೋರ್ಟು ಖಾಲಿ ಮಾಡಲು ಸಮಯ ಕೊಡುತ್ತದೆ. ಆಗಲೂ ಬಿಡದಿದ್ದರೆ ಅವರು ಜಾರಿ ಅರ್ಜಿ ಹಾಕಬೇಕು. ಕೊನೆಗೆ ವಾರಂಟ್ ಹಿಡಿದು ಬಾಗಿಲಿಗೆ ಬರುವವರು ಕೋರ್ಟಿನ ಅಮೀನರು. ಬೀಗ ಒಡೆಯಬೇಕಾದರೆ ಅದಕ್ಕೂ ಕೋರ್ಟಿನ ಆದೇಶ, ಪೊಲೀಸ್ ಬೇಕಾದರೆ ಅದಕ್ಕೂ ಆದೇಶ. ‘ಒಕ್ಕಲೆಬ್ಬಿಸುವುದು’ ಅನ್ನುವ ಕೆಲಸ ಕಾನೂನಿನ ಪ್ರಕಾರ ನಡೆಯುವುದು ಆ ದಿನ, ಅವರ ಕೈಯಿಂದ. ಓನರ್ ಮಗನ ಕೈಯಿಂದಲ್ಲ, ಅವರ ಜೊತೆ ಬರುವ ನಾಲ್ಕು ಜನ ಹುಡುಗರ ಕೈಯಿಂದಂತೂ ಅಲ್ಲವೇ ಅಲ್ಲ. ನೆಲೆಯಾಗಿ ವಶದಲ್ಲಿರುವವನನ್ನು, ಅವನ ಹಕ್ಕು ಮುಗಿದಿದ್ದರೂ, ಕಾನೂನಿನ ದಾರಿ ಬಿಟ್ಟು ಹೊರಹಾಕಬಾರದು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ಮತ್ತು ವರದಪ್ಪ ನಾಯ್ಡು ಪ್ರಕರಣದ ತೀರ್ಪನ್ನು ಇಂಥ ಕೇಸುಗಳಲ್ಲಿ ವಕೀಲರು ಈಗಲೂ ಮುಂದಿಡುತ್ತಾರೆ.

ಬೇರೆ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ಪಾಲಿಕೆಯ ಮಳಿಗೆ, ಸರ್ಕಾರಿ ಕ್ವಾರ್ಟರ್ಸ್ ಇವಕ್ಕೆ ಈ ದಾರಿ ಅಲ್ಲ. ಅಲ್ಲಿ 1974ರ ಸಾರ್ವಜನಿಕ ಆವರಣಗಳ ಕಾಯ್ದೆ ಇದೆ, ಅಧಿಕಾರಿಯೇ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ ಆದೇಶ ಮಾಡಬಹುದು. ಅಲ್ಲಿ 15 ದಿನ ಸುಮ್ಮನೆ ಕೂತರೆ ಕಷ್ಟ.

ಸಂಪಿನ ಬೀಗಕ್ಕೆ ಬರುತ್ತೇನೆ, ತುರ್ತು ಇರುವುದು ಅದೇ. ನೀರು ನಿಲ್ಲಿಸುವುದು, ಮೀಟರಿನ ಫ್ಯೂಸ್ ಕೀಳುವುದು, ನೀವು ಊರಿಗೆ ಹೋದಾಗ ಬಾಗಿಲಿಗೆ ಇನ್ನೊಂದು ಬೀಗ ಜಡಿಯುವುದು, ಇವೆಲ್ಲ ಕೋರ್ಟಿಗೆ ಹೋಗದೆ ಖಾಲಿ ಮಾಡಿಸುವ ಹಳೇ ಉಪಾಯಗಳು. ನೋಟಿಸ್ ಕೊಟ್ಟ ಮಾತ್ರಕ್ಕೆ ಇದಕ್ಕೆ ಅಧಿಕಾರ ಬರುವುದಿಲ್ಲ. ಇವತ್ತೇ ಬೀಗ ಕಾಣುವ ಹಾಗೆ, ಪಕ್ಕದಲ್ಲಿ ಮೋಟಾರ್ ಸ್ವಿಚ್ ಬರುವ ಹಾಗೆ ಫೋಟೋ ತೆಗೆಯಿರಿ. ಟ್ಯಾಂಕರ್ ತರಿಸಿದ್ದರೆ ಬಿಲ್ ಇಡಿ. ಓನರ್ ಮಗನಿಗೆ ವಾಟ್ಸಾಪಿನಲ್ಲಿ ‘ಇಂಥ ದಿನಾಂಕದಿಂದ ಸಂಪಿಗೆ ಬೀಗ ಇದೆ, ದಯವಿಟ್ಟು ತೆಗೆಸಿ’ ಅಂತ ಸೌಜನ್ಯದಿಂದ ಒಂದು ಸಾಲು ಹಾಕಿ. ಬೈಗುಳ ಬೇಡ. ಆ ಸಂದೇಶವನ್ನು ನಾಳೆ ನ್ಯಾಯಾಧೀಶರು ಓದುತ್ತಾರೆ ಅಂತ ತಿಳಿದು ಬರೆಯಿರಿ. ಬೀಗ ನೀವೇ ಒಡೆಯಬೇಡಿ, ಆಗ ದೂರು ನಿಮ್ಮ ಮೇಲೆ ತಿರುಗುತ್ತದೆ.

ತೆಗೆಯದಿದ್ದರೆ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅನ್ನಬಹುದು. ಬಾಡಿಗೆ ಜಗಳದ ಮಟ್ಟಿಗೆ ಅದು ಸರಿ. ಅದೇ ಕಾರಣಕ್ಕೆ ಪೊಲೀಸರು ನಿಮಗೆ ‘ಖಾಲಿ ಮಾಡಿ’ ಅಂತ ಹೇಳುವ ಹಾಗೂ ಇಲ್ಲ. ಆದರೆ ಮನೆಗೆ ನುಗ್ಗುವುದು, ಸಾಮಾನು ಹಾಳು ಮಾಡುವುದು, ಹೆದರಿಸುವುದು ಅಪರಾಧ, ಆಗ ಅವರು ಬರಲೇಬೇಕು. ನೀರು, ಕರೆಂಟಿಗೆ ನಿಜವಾದ ಮದ್ದು ಸಿವಿಲ್ ಕೋರ್ಟಿನ ಮಧ್ಯಂತರ ಆದೇಶ. ಕಾನೂನಿನ ಮೂಲಕ ಅಲ್ಲದೆ ನಮ್ಮನ್ನು ಹೊರಹಾಕದಂತೆ, ನೀರು ನಿಲ್ಲಿಸದಂತೆ ತಡೆಯಾಜ್ಞೆ ಕೇಳಬಹುದು. ಕೇಳುವಾಗ ಅಷ್ಟನ್ನೇ ಕೇಳಿ. ‘ಎಂದೂ ಖಾಲಿ ಮಾಡಿಸಬಾರದು’ ಅಂತ ಕೇಳಿದರೆ ಸಿಗುವುದಿಲ್ಲ, ಅರ್ಜಿಯ ತೂಕವೂ ಕಡಿಮೆ ಆಗುತ್ತದೆ. ಅಕಸ್ಮಾತ್ ಹೊರಗೆ ಹಾಕಿಯೇ ಬಿಟ್ಟರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ. ಆರು ತಿಂಗಳ ಒಳಗೆ ದಾವೆ ಹಾಕಿದರೆ, ಮನೆ ಯಾರದು ಅನ್ನುವ ಪ್ರಶ್ನೆಗೆ ಹೋಗದೆ ಸ್ವಾಧೀನ ವಾಪಸ್ ಕೊಡಿಸುತ್ತದೆ. ಆ ಆರು ತಿಂಗಳು ದಾಟಿಸಬೇಡಿ.

ಹಾಗಾದರೆ ನೀವು ಮಾಡಬೇಕಾದ್ದು ಏನು? ಕೇಸು ನಡೆಸಿ ಕೂರಬಹುದು. ನೋಟಿಸಿಗೆ ಉತ್ತರ ಕೊಟ್ಟು, ಬಾಡಿಗೆ ಕಟ್ಟುತ್ತಾ, ‘ದಾವೆ ಹಾಕಲಿ, ನೋಡೋಣ’ ಅಂತ ಇರುವವರು ಬೇಕಾದಷ್ಟು ಜನ. ಸಮಯ ಸಿಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ನೋಟಿಸಿನ ಅವಧಿ ಮುಗಿದ ದಿನದಿಂದ ನೀವು ಕೊಡುವುದು ಬಾಡಿಗೆ ಅಲ್ಲ, ನಷ್ಟ ಪರಿಹಾರ. ಅದನ್ನು ಇವತ್ತಿನ ಮಾರ್ಕೆಟ್ ಬಾಡಿಗೆಯ ಲೆಕ್ಕದಲ್ಲಿ ಕೊಡಿ ಅಂತ ಕೋರ್ಟು ಹೇಳಬಹುದು. ನಿಮ್ಮ ಬೀದಿಯಲ್ಲಿ ಅಂಥ ಮನೆಗೆ ಈಗ 16,000 ನಡೆಯುತ್ತಿದ್ದರೆ, ವ್ಯತ್ಯಾಸ ತಿಂಗಳಿಗೆ 6,500. ಒಂದು ವರ್ಷಕ್ಕೇ 78,000, ಅಂದರೆ ಹತ್ತಿರ ಹತ್ತಿರ ನಿಮ್ಮ ಅಡ್ವಾನ್ಸ್ ಪೂರ್ತಿ. ಜೊತೆಗೆ ವಕೀಲರ ಫೀಸು, ವಾಯಿದೆಗೆ ಅಲೆದಾಟ.

ನೋಟಿಸ್ ಆದಮೇಲೆ ಬಾಡಿಗೆ ತಗೊಂಡರೆ ನೋಟಿಸ್ ರದ್ದಾಯಿತು ಅನ್ನುವುದನ್ನೂ ನಂಬಬೇಡಿ. ಬರೀ ಹಣ ತಗೊಂಡದ್ದರಿಂದ ಹಾಗಾಗುವುದಿಲ್ಲ. ಆದರೂ ಬಾಡಿಗೆ ಮಾತ್ರ ಒಂದು ತಿಂಗಳೂ ನಿಲ್ಲಿಸಬೇಡಿ. ಅವರು ಬೇಡ ಅಂದರೂ ಬ್ಯಾಂಕ್ ಖಾತೆಗೆ ಹಾಕಿ, ದಾಖಲೆ ಇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ರಾಜಿಗೆ ಹೋಗುತ್ತಿದ್ದೆ. ಅವರಿಗೆ ಮನೆ ಮಾರಬೇಕು. ಬಾಡಿಗೆದಾರ ಒಳಗಿದ್ದು ಕೇಸು ನಡೆಯುತ್ತಿರುವ ಮನೆಯನ್ನು ಒಳ್ಳೆಯ ರೇಟಿಗೆ ಕೊಳ್ಳುವವರು ಕಡಿಮೆ. ಮಾರಿದರೂ ಬಾಡಿಗೆ ತಾನಾಗಿ ಮುಗಿಯುವುದಿಲ್ಲ, ಕೊಂಡವರು ಓನರ್ ಜಾಗಕ್ಕೆ ಬರುತ್ತಾರೆ, ಅವರೂ ಇದೇ ದಾರಿ ಹಿಡಿಯಬೇಕು. ಇದು ಅವರ ವಕೀಲರಿಗೂ ಗೊತ್ತು. ಹಾಗಾಗಿ ನಾಲ್ಕೈದು ತಿಂಗಳ ಸಮಯ ಕೇಳಿ, ಬೇಕಾದರೆ ಮಕ್ಕಳ ಪರೀಕ್ಷೆ ಮುಗಿಯುವ ತನಕ. ಬಾಯಿಮಾತು ಬೇಡ, ಬರೆದುಕೊಳ್ಳಿ. ಖಾಲಿ ಮಾಡುವ ತಾರೀಖು, ಅಲ್ಲಿತನಕ ನೀರು ಕರೆಂಟಿಗೆ ತೊಂದರೆ ಇಲ್ಲ ಅನ್ನುವುದು, ಬೀಗದ ಕೈ ಕೊಡುವಾಗಲೇ 80,000 ವಾಪಸ್ ಅನ್ನುವುದು ಅದರಲ್ಲಿ ಇರಬೇಕು. ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನೂ ಈಗಲೇ ಬರೆಯಿಸಿ. ಕೊನೆಯ ದಿನದ ಜಗಳ ಯಾವಾಗಲೂ ಅದರ ಮೇಲೇ. ತೀರಿಕೊಂಡ ಓನರಿಗೆ ಇನ್ನೂ ಮಕ್ಕಳಿದ್ದಾರಾ ವಿಚಾರಿಸಿ. ಇದ್ದರೆ ಅವರ ಸಹಿಯೂ ಇರಲಿ, ಇಲ್ಲದಿದ್ದರೆ ಅಡ್ವಾನ್ಸ್ ಕೇಳಿದಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಈ ದಾರಿಯಲ್ಲೂ ಅಪಾಯ ಇಲ್ಲದಿಲ್ಲ. ಒಪ್ಪಿಕೊಂಡ ತಾರೀಖಿಗೆ ಬಿಡದಿದ್ದರೆ ನಿಮ್ಮ ಸಹಿಯೇ ನಿಮ್ಮ ವಿರುದ್ಧ ಸಾಕ್ಷಿ. ಸಹಿ ಹಾಕುವ ಮುಂಚೆ ಪ್ರತಿ ಸಾಲು ಓದಿ. ‘ಇಂದೇ ಸ್ವಾಧೀನ ಬಿಟ್ಟುಕೊಟ್ಟಿದ್ದೇವೆ’ ಅನ್ನುವ ಸಾಲು ನಡುವೆ ಎಲ್ಲಾದರೂ ನುಸುಳಿದ್ದರೆ ಹೊಡೆದು ಹಾಕಿಸಿ. ಖಾಲಿ ಛಾಪಾ ಕಾಗದಕ್ಕೆ ಸಹಿ ಕೇಳಿದರೆ ಎದ್ದು ಬನ್ನಿ.

ವಕೀಲರ ಫೀಸು ಹೊರೆ ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ, ಅರ್ಜಿ ನಿಮ್ಮ ಹೆಸರಲ್ಲಿ ಇರಲಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಕೇಸು ದಾಖಲಾಗುವ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುವ ವ್ಯವಸ್ಥೆ ಅಲ್ಲಿದೆ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲೆ ಅಪೀಲು ಇಲ್ಲ.

ಹೋಗುವಾಗ ನೋಟಿಸ್ ಬಂದ ಲಕೋಟೆ, ಹಳೆಯ ಮೂರೂ ಅಗ್ರಿಮೆಂಟು, ಅಡ್ವಾನ್ಸ್ ಕೊಟ್ಟದ್ದಕ್ಕೆ ಇರುವ ದಾಖಲೆ, ಬಾಡಿಗೆ ಹೋದ ಬ್ಯಾಂಕ್ ಸ್ಟೇಟ್‌ಮೆಂಟು, ಸಂಪಿನ ಫೋಟೋ ತಗೊಂಡು ಹೋಗಿ. ನೋಟಿಸಿಗೆ ಉತ್ತರ 15 ದಿನ ಮುಗಿಯುವ ಮುಂಚೆ ಹೋಗಲಿ. ಉದ್ದ ಬೇಡ. ಬಾಡಿಗೆ ಬಾಕಿ ಇಲ್ಲ, ಸಂಪಿಗೆ ಬೀಗ ಹಾಕಿದ್ದೀರಿ, ಇಷ್ಟು ತಿಂಗಳ ಸಮಯ ಬೇಕು, ಅಡ್ವಾನ್ಸ್ ಇಷ್ಟು ಬರಬೇಕು, ಈ ನಾಲ್ಕು ವಿಷಯ ಇದ್ದರೆ ಸಾಕು.